ಒಂದೇ ಏರ್‌ರೈಫಲ್, ಮೂರು ದೂರ: ಗುರಿ ತಪ್ಪಿದಾಗ ದೋಷ ಹುಡುಕುವ ಬಗೆ

"ಅಣ್ಣಾ, ಹೋದ ವಾರ ಸರಿಯಾಗಿ ಬೀಳ್ತಿತ್ತು, ಈಗ ಎರಡಿಂಚು ಪಕ್ಕಕ್ಕೆ ಹೋಗ್ತಿದೆ. ಸ್ಕೋಪ್ ಹೋಯ್ತಾ?" ಪುಣೆ, ಮುಂಬೈಯ ಕನ್ನಡದ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಒಂದೇ ರೈಫಲ್ಲಿನಲ್ಲಿ ಎಲ್ಲ ಕೆಲಸ ಮಾಡಿಸಿಕೊಳ್ಳುವವರಿಗೆ ಈ ತೊಂದರೆ ಹೆಚ್ಚು. ವಾರದ ದಿನ 10 ಮೀಟರ್ ಕಾಗದದ ಅಭ್ಯಾಸಕ್ಕೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ), ಭಾನುವಾರ 25 ಮೀಟರ್‌ಗೆ ಸ್ಕೋಪ್ (ದೂರದರ್ಶಕ), ಜಾಗ ಸಿಕ್ಕಾಗ 50 ಮೀಟರ್. ಬಿಚ್ಚಿ ಕಟ್ಟುವ ಪ್ರತಿ ಜಾಗದಲ್ಲೂ ತಪ್ಪು ಹೊಕ್ಕೀತು. ಹಾಗಾಗಿ ಇಂಥ ರೈಫಲ್ಲಿನಲ್ಲಿ ಬ್ಯಾರೆಲ್ ಮೇಲೆ ಸಂಶಯ ಪಡುವುದು ಕೊನೆಗೆ. ಮೊದಲು ಪೆಲೆಟ್ (ಏರ್‌ರೈಫಲ್ಲಿನ ಸೀಸದ ಗುಂಡು), ಆಮೇಲೆ ಸ್ಕ್ರೂ, ಆಮೇಲೆ ಸ್ಕೋಪ್. ಸ್ಪ್ರಿಂಗ್ ಇರುವ ಕೊಳವೆ ಬಿಚ್ಚುವ ಮಾತು ಎಲ್ಲಕ್ಕಿಂತ ಹಿಂದೆ.

ಇಲ್ಲಿ ಹೇಳುವುದು 4.5 ಮಿ.ಮೀ. ಬೋರಿನ, ಬ್ಯಾರೆಲ್ ಮುರಿದು (ಕೀಲಿನಲ್ಲಿ ಮಡಚಿ) ಕಾಕ್ ಮಾಡುವ (ಒಳಗಿನ ಸ್ಪ್ರಿಂಗ್ ಅದುಮಿಡುವ) ಸ್ಪ್ರಿಂಗ್ ರೈಫಲ್ಲಿಗೆ. ಮೇಲೆ 11 ಮಿ.ಮೀ. ಡವ್‌ಟೇಲ್ ಹಳಿ (ಸೈಟ್, ಸ್ಕೋಪ್ ಕಚ್ಚಿಸುವ ಪಟ್ಟಿ), ಶಕ್ತಿ ಸುಮಾರು 16 ಜೂಲ್. 0.547 ಗ್ರಾಂ ಪೆಲೆಟ್ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ ಅಷ್ಟಾಗುತ್ತದೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿ.ಮೀ. ಇಲ್ಲವೇ 20 ಜೂಲ್ ಮೀರಿದ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಗಟ್ಟಿ ಸ್ಪ್ರಿಂಗ್ ಹಾಕಿಸಿ ಆ ಗೆರೆ ದಾಟುವ ಆಸೆ ಬೇಡ. ಕಾನೂನಿನ ಮಾತು ಹಾಗಿರಲಿ, ಹೆಚ್ಚು ಶಕ್ತಿಯ ಸ್ಪ್ರಿಂಗ್ ರೈಫಲ್ ಹೆಚ್ಚು ಒದೆಯುತ್ತದೆ, ಗುರಿ ಕೆಡಿಸುತ್ತದೆ, ಸ್ಕೋಪ್ ಕೊಲ್ಲುತ್ತದೆ. ಲೈಸೆನ್ಸ್ ಬೇಡ ಎಂದಮಾತ್ರಕ್ಕೆ ಸೊಸೈಟಿಯ ಟೆರೇಸಿನಲ್ಲಿ ಹೊಡೆಯಬಹುದು ಎಂದಲ್ಲ. ಪಾರಿವಾಳ, ಬೀದಿನಾಯಿ, ಕೋತಿಗಳ ಕಡೆ ನಳಿಗೆ ತಿರುಗಿಸುವವರಿಗೆ ಈ ಬರಹ ಅಲ್ಲ.

ಮೊದಲು ಕಾಗದ ಓದಿ

ಮೂರು ದೂರಕ್ಕೆ ಹೊಡೆಯುವ ರೈಫಲ್ಲಿಗೆ ಒಂದು ಅನುಕೂಲವಿದೆ. ದೂರ ಬದಲಾದಂತೆ ತಪ್ಪು ಹೇಗೆ ಬೆಳೆಯುತ್ತದೆ ಎನ್ನುವುದರಲ್ಲೇ ದೋಷದ ಗುರುತು ಸಿಗುತ್ತದೆ. ಅಲೆನ್ ಕೀ ಕೈಗೆತ್ತಿಕೊಳ್ಳುವ ಮೊದಲು 10, 25, 50 ಮೀಟರ್‌ನಲ್ಲಿ ಐದೈದು ಗುಂಡಿನ ಎರಡು ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು) ಹೊಡೆದುಕೊಳ್ಳಿ. ಮೂರು ಗುಂಡಿನ ಗ್ರೂಪ್ ನಂಬಬೇಡಿ. ಅದು ಒಮ್ಮೆ ಹೊಗಳುತ್ತದೆ, ಒಮ್ಮೆ ಬೈಯುತ್ತದೆ, ಎರಡೂ ಸುಳ್ಳು. 50 ಮೀಟರ್ ಸಿಗದಿದ್ದರೆ 35 ಆದರೂ ಸಾಕು.

ಹೋಲಿಸಲು ಮೊದಲು ಸರಿಯಾದ ಲೆಕ್ಕ ಗೊತ್ತಿರಬೇಕು. ಮೇಲೆ ಹೇಳಿದ ಪೆಲೆಟ್, ಮೇಲೆ ಹೇಳಿದ ವೇಗ, ಬ್ಯಾರೆಲ್ಲಿನ ನಡುವಿನಿಂದ ಸ್ಕೋಪಿನ ನಡುವಿಗೆ 45 ಮಿ.ಮೀ. ಎತ್ತರ, 25 ಮೀಟರ್‌ಗೆ ಝೀರೋ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದು. ಹೀಗಿದ್ದರೆ 10 ಮೀಟರ್‌ನಲ್ಲಿ ಗುಂಡು ಸುಮಾರು 12-13 ಮಿ.ಮೀ. ಕೆಳಗೆ ಬೀಳುತ್ತದೆ, 15ರಲ್ಲಿ ಬಹುತೇಕ ಗುರಿಯಲ್ಲೇ, 35ರಲ್ಲಿ ಸುಮಾರು 2 ಸೆಂ.ಮೀ. ಕೆಳಗೆ, 50ರಲ್ಲಿ ಸುಮಾರು 10 ಸೆಂ.ಮೀ. ಕೆಳಗೆ. 10 ಮೀಟರ್‌ನಲ್ಲಿ ಕೆಳಗೆ ಬಿದ್ದದ್ದು ಕಂಡು ಸ್ಕೋಪ್ ಕೆಟ್ಟಿತು ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವವರು ಬಹಳ. ಅದು ದೋಷವಲ್ಲ. ಸ್ಕೋಪ್ ಬ್ಯಾರೆಲ್ಲಿಗಿಂತ ಮೇಲೆ ಕೂತಿದೆ, ಅಷ್ಟೇ.

ಈಗ ನಿಮ್ಮ ಕಾಗದ ಈ ಲೆಕ್ಕದಿಂದ ಎಷ್ಟು ಸರಿದಿದೆ ನೋಡಿ.

ತಪ್ಪು ದೂರದಷ್ಟೇ ಬೆಳೆದಿದ್ದರೆ, ಅಂದರೆ 10ರಲ್ಲಿ 4 ಮಿ.ಮೀ., 25ರಲ್ಲಿ 10, 50ರಲ್ಲಿ 20 ಎಡಕ್ಕೆ ಎಂದಿದ್ದರೆ, ದೃಷ್ಟಿಯ ಕೋನ ಬದಲಾಗಿದೆ. ಮೌಂಟ್ (ಸ್ಕೋಪನ್ನು ರಿಂಗುಗಳಲ್ಲಿ ಹಿಡಿದು ಹಳಿಗೆ ಕಚ್ಚುವ ಭಾಗ), ಸ್ಕೋಪ್, ಇಲ್ಲವೇ ಬ್ಯಾರೆಲ್ ಕೂರುವ ಜಾಗ.

10ರಲ್ಲಿ ಏನೂ ಗೊತ್ತಾಗದೆ ದೂರ ಹೋದಂತೆ ಒಮ್ಮೆಲೇ ಕೆಳಗಿಳಿದರೆ ವೇಗ ಬಿದ್ದಿದೆ. 240ರ ಬದಲು 205 ಆದರೆ ಶಕ್ತಿ 15.7ರಿಂದ 11.5 ಜೂಲ್‌ಗೆ ಇಳಿಯುತ್ತದೆ. ಆಗ 10ರಲ್ಲಿ ಹೆಚ್ಚುವರಿ ಇಳಿತ ಬರೀ 3 ಮಿ.ಮೀ., 25ರಲ್ಲಿ 2 ಸೆಂ.ಮೀ., 50ರಲ್ಲಿ 10 ಸೆಂ.ಮೀ. ಇದು ಗಾಳಿ ಸೋರದಂತೆ ತಡೆಯುವ ಸೀಲ್ ಅಥವಾ ಸ್ಪ್ರಿಂಗಿನ ಕೆಲಸ. ಸ್ಕೋಪಿನ ನಾಬ್ ತಿರುಗಿಸಿ ಮುಚ್ಚಿಹಾಕಿದರೆ ಮುಂದಿನ ವಾರ ಮತ್ತೆ ಇಳಿಯುತ್ತದೆ.

25ರಲ್ಲಿ ಸರಿ, 10ರಲ್ಲಿ ಎಡಕ್ಕೆ 3 ಮಿ.ಮೀ., 50ರಲ್ಲಿ ಬಲಕ್ಕೆ 5 ಮಿ.ಮೀ. ಎಂದಿದ್ದರೆ ಸ್ಕೋಪ್ ಬ್ಯಾರೆಲ್ಲಿನ ನೇರ ಮೇಲೆ ಇಲ್ಲ, ಸುಮಾರು 5 ಮಿ.ಮೀ. ಪಕ್ಕಕ್ಕಿದೆ. ಅಗ್ಗದ ರಿಂಗಿನಲ್ಲಿ ಡವ್‌ಟೇಲ್ ಹಿಡಿಯುವ ದವಡೆ ಒಂದೇ ಕಡೆ ಬಿಗಿದಾಗ ಹೀಗಾಗುತ್ತದೆ. ರೈಫಲ್ಲನ್ನು ಓರೆಯಾಗಿ ಹಿಡಿಯುವವರಿಗೂ ಇದೇ ಬಗೆಯ ಚಿತ್ರ ಬರುತ್ತದೆ. ಕೇವಲ 5 ಡಿಗ್ರಿ ಓರೆ 50 ಮೀಟರ್‌ನಲ್ಲಿ ಒಂದೂವರೆ ಸೆಂಟಿಮೀಟರ್ ಪಕ್ಕಕ್ಕೆ ಎಸೆಯುತ್ತದೆ, 10ರಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಗಾಳಿಯನ್ನೂ ಇಲ್ಲೇ ತೆಗೆದುಹಾಕಿ. ಗಂಟೆಗೆ 10 ಕಿ.ಮೀ.ನ ಅಡ್ಡಗಾಳಿ 25 ಮೀಟರ್‌ನಲ್ಲಿ ಸುಮಾರು 2 ಸೆಂ.ಮೀ., 50ರಲ್ಲಿ 8 ಸೆಂ.ಮೀ. ತಳ್ಳುತ್ತದೆ. ಗೋವಾದಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಏಳುತ್ತದೆ. ಆ ಹೊತ್ತಿನಲ್ಲಿ 50 ಮೀಟರ್ ಹೊಡೆದು ರೈಫಲ್ಲಿಗೆ ದೋಷ ಹೊರಿಸಬೇಡಿ. ಬೆಳಿಗ್ಗೆ ಏಳಕ್ಕೆ ಹೊಡೆಯಿರಿ.

ಇನ್ನು ಗ್ರೂಪ್ ಸರಿಯದೆ, ಇದ್ದಲ್ಲೇ ದುಂಡಗೆ ಹರಡಿದ್ದರೆ ಪೆಲೆಟ್, ಬ್ಯಾರೆಲ್ ಕೊಳೆ, ನಳಿಗೆಯ ಬಾಯಿ. ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ವೇಗದ ಏರಿಳಿತ ಅಥವಾ ಹಿಡಿತ. ಎರಡು ಬೇರೆ ಬೇರೆ ಗುಂಪಾಗಿ ಬಿದ್ದಿದ್ದರೆ ಏನೋ ಒಂದು ಎರಡು ಜಾಗದಲ್ಲಿ ಕೂರುತ್ತಿದೆ. ಇದನ್ನು ಗುರುತಿಸುವುದು ಸುಲಭ, ಹಿಡಿಯುವುದು ಕಷ್ಟ.

ಪೆಲೆಟ್

ಇದು ಐದು ನಿಮಿಷದ ಕೆಲಸ, ಆದರೂ ಯಾರೂ ಮೊದಲು ಮಾಡುವುದಿಲ್ಲ. 10 ಮೀಟರ್‌ಗೆ ಚಪ್ಪಟೆ ತಲೆಯ ಪೆಲೆಟ್, ಯಾಕೆಂದರೆ ಕಾಗದದಲ್ಲಿ ದುಂಡು ತೂತು ಕತ್ತರಿಸುತ್ತದೆ. 25 ದಾಟಿದರೆ ಗುಂಡುತಲೆಯದು. ಚಪ್ಪಟೆ ತಲೆಯದು 25ರ ಆಚೆ ದಿಕ್ಕು ತಪ್ಪುತ್ತದೆ. ಎರಡಕ್ಕೂ ಝೀರೋ ಬೇರೆ. ಬರೀ ಪೆಲೆಟ್ ಡಬ್ಬಿ ಬದಲಾದದ್ದನ್ನು ಮೌಂಟ್ ಸಡಿಲಾಯಿತು ಎಂದುಕೊಂಡು ಸ್ಕ್ರೂ ಬಿಗಿದು ಬಿಗಿದು ಹಳಿಯ ಅಂಚು ಹಾಳುಮಾಡಿಕೊಂಡವರಿದ್ದಾರೆ. ಒಂದು ವಿಷಯ ಮರೆಯಬೇಡಿ: ಪೆಲೆಟ್ ಬದಲಿಸಿದ ಮೇಲೆ ಬ್ಯಾರೆಲ್ ಒಗ್ಗಿಕೊಳ್ಳಲು ಹತ್ತಿಪ್ಪತ್ತು ಗುಂಡು ಬೇಕು. ಮೊದಲ ಐದರಿಂದ ತೀರ್ಪು ಕೊಡಬೇಡಿ.

ಪೆಲೆಟ್‌ಗಳನ್ನು ಬಿಳಿ ಕಾಗದದ ಮೇಲೆ ಸುರಿದು ಹಿಂಬದಿಯ ಪಾವಡೆಯಂಥ ತೆಳು ಅಂಚು ನೋಡಿ. ಸೀಸ ಮೆದು, ಡಬ್ಬಿ ಕೈಜಾರಿದರೆ ಅಂಚು ಒಳಗೆ ಮಡಚುತ್ತದೆ. ಅಂಥದ್ದು ಒಂದು ಕಡೆಯಿಂದ ಗಾಳಿ ಬಿಟ್ಟುಕೊಂಡು ಹೋಗುತ್ತದೆ. ಒಂದೊಂದನ್ನೇ ಬೆರಳಿನಿಂದ ಬ್ಯಾರೆಲ್ಲಿಗೆ ಕೂರಿಸಿ. ಕೆಲವು ಜಾರಿ ಒಳಗೆ ಬಿದ್ದರೆ, ಕೆಲವನ್ನು ಒತ್ತಬೇಕಾದರೆ, ತಲೆಯ ಅಳತೆ ಒಂದೇ ಇಲ್ಲ. ಡಬ್ಬಿಯ ಮೇಲೆ 4.50, 4.51, 4.52 ಎಂದು ಬರೆದಿರುತ್ತದೆ. ನಿಮ್ಮ ಬ್ಯಾರೆಲ್ಲಿಗೆ ಯಾವುದು ಎನ್ನುವುದನ್ನು ಹೊಡೆದೇ ತಿಳಿಯಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಪೆಲೆಟ್ ಮೇಲೆ ಬಿಳಿ ಪುಡಿ ಕೂರುತ್ತದೆ. ಅದು ಸೀಸದ ಕಾರ್ಬೊನೇಟ್. ಬ್ಯಾರೆಲ್ಲಿಗೂ ಒಳ್ಳೆಯದಲ್ಲ, ಕೈಗೂ ಅಲ್ಲ. ಎಸೆಯಿರಿ, ಕೈ ಸೋಪು ಹಾಕಿ ತೊಳೆಯಿರಿ. ಆ ಕೈಯಲ್ಲೇ ವಡಾಪಾವ್ ತಿನ್ನಬೇಡಿ.

ಸ್ಕ್ರೂ, ಮೌಂಟ್, ಹಳಿ

ತಪ್ಪು ಹೆಚ್ಚಾಗಿ ಸಿಗುವುದು ಇಲ್ಲೇ. ಸ್ಪ್ರಿಂಗ್ ರೈಫಲ್ ಒಂದೇ ಹೊಡೆತದಲ್ಲಿ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಕೊನೆ ತಲುಪಿ ನಿಂತಾಗ ರೈಫಲ್ ಫಕ್ಕನೆ ಮುಂದಕ್ಕೆ. ಎರಡನೆಯದು ಚುರುಕು. ರೈಫಲ್ ಮುಂದೆ ಹೋದಾಗ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಬಂದೂಕಿಗೆ ಮಾಡಿದ ಗಟ್ಟಿ ಸ್ಕೋಪ್ ಕೂಡ ಸ್ಪ್ರಿಂಗ್ ರೈಫಲ್ಲಿನಲ್ಲಿ ಸಾಯಬಹುದು, ಯಾಕೆಂದರೆ ಅದರ ಒಳಭಾಗ ಹಿಂದಿನ ಒದೆತಕ್ಕೆ ಮಾತ್ರ ತಯಾರಾಗಿರುತ್ತದೆ. ಕೊಳ್ಳುವಾಗ ಸ್ಪ್ರಿಂಗ್ ಏರ್‌ರೈಫಲ್ಲಿಗೆ ಆಗುತ್ತದೆಯೇ ಎಂದು ಕೇಳಿ.

ಜಾರಿಕೆ ಕಂಡುಹಿಡಿಯಲು ಉಗುರು ಬಣ್ಣ ಸಾಕು. ರಿಂಗಿನ ಹಿಂಬದಿ ಹಳಿಯ ಮೇಲೊಂದು ಸಣ್ಣ ಗೆರೆ, ಸ್ಕೋಪಿನ ಕೊಳವೆ ರಿಂಗಿನಿಂದ ಹೊರಬರುವಲ್ಲಿ ಇನ್ನೊಂದು. ಒಣಗಲು ಬಿಟ್ಟು ಇಪ್ಪತ್ತು ಗುಂಡು ಹೊಡೆಯಿರಿ. ಹಳಿಯ ಗೆರೆ ಮುಚ್ಚಿಹೋದರೆ ಮೌಂಟ್ ಜಾರಿದೆ. ಕೊಳವೆಯ ಗೆರೆ ಸರಿದರೆ ರಿಂಗಿನೊಳಗೆ ಸ್ಕೋಪ್ ಜಾರಿದೆ. ಮೊದಲಿನದಕ್ಕೆ ಪರಿಹಾರ ಇನ್ನೂ ಬಿಗಿಯುವುದಲ್ಲ. ಹಳಿಯಲ್ಲಿ ತೂತು ಇದ್ದರೆ ತಡೆಪಿನ್ ಇರುವ ಮೌಂಟ್ ಹಾಕಿ. ಪಿನ್ ಹಿಂದಿನ ಮೌಂಟಿನದಾಗಿರಬೇಕು, ತೂತಿನ ಹಿಂಗೋಡೆಗೆ ಆನಿಸಿ ಕೂತಿರಬೇಕು. ಎರಡನೆಯದಕ್ಕೆ ರಿಂಗ್ ಬಿಚ್ಚಿ ಕೊಳವೆ, ರಿಂಗಿನ ಒಳಮೈ, ಹಳಿ ಮೂರನ್ನೂ ಎಣ್ಣೆಪಸೆ ಹೋಗುವಂತೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಮಳೆಗಾಲಕ್ಕೆಂದು ಸವರಿದ ಎಣ್ಣೆಯೇ ಅರ್ಧ ಜಾರಿಕೆಗೆ ಕಾರಣ.

ರಿಂಗಿನ ಮೇಲಿನ ಟೋಪಿಯ ಸ್ಕ್ರೂಗಳಿಗೆ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅಲೆನ್ ಕೀಯ ಗಿಡ್ಡ ತುದಿ ಹಿಡಿದು ಬಿಗಿಯಿರಿ, ಉದ್ದದ ತುದಿಯಿಂದ ಎಂದೂ ಬೇಡ. ನಾಲ್ಕನ್ನೂ ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ, ಎರಡೂ ಕಡೆ ಸಂದು ಒಂದೇ ಅಳತೆ ಇರಲಿ. ಕೊಳವೆ ಅಮುಕಿಹೋದರೆ ಒಳಗಿನ ಭಾಗ ಸಿಕ್ಕಿಹಾಕಿಕೊಂಡು ನಾಬ್ ತಿರುಗಿಸಿದರೂ ಗುರಿ ಕದಲುವುದಿಲ್ಲ.

ಸ್ಟಾಕ್ (ಲೋಹದ ಭಾಗ ಕೂರುವ ಹಿಡಿಕೆ) ಸ್ಕ್ರೂಗಳು ಮುಂದೆ ಎರಡು ಪಕ್ಕದವು, ಟ್ರಿಗರ್ ಗಾರ್ಡಿನ ಬಳಿ ಒಂದೋ ಎರಡೋ. ಇವು ಸಡಿಲಾದರೆ ಗ್ರೂಪ್ ಹರಡುತ್ತದೆ. ಮರದ ಸ್ಟಾಕ್ ಮುಂಬೈ ಮಳೆಗೆ ಉಬ್ಬಿ, ನವೆಂಬರಿನ ಪುಣೆಯ ಒಣಹವೆಗೆ ಕುಗ್ಗುತ್ತದೆ. ಜುಲೈಯಲ್ಲಿ ಬಿಗಿಯಾಗಿದ್ದ ಸ್ಕ್ರೂ ಚಳಿಗೆ ತಾನೇ ಸಡಿಲ. ಆದ್ದರಿಂದ ಋತು ಬದಲಾದಾಗ ಒಮ್ಮೆ ನೋಡಿ. ಸ್ಕ್ರೂವಿನ ತಲೆಯ ಕೆಳಗೆ ಹಲ್ಲಿನ ವಾಶರ್ ಇದ್ದರೆ ಒಳ್ಳೆಯದು. ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಆದೀತು, ಕೆಂಪು ಬೇಡ.

ಪೀಪ್ ಸೈಟ್ ತೆಗೆದು ಸ್ಕೋಪ್, ಸ್ಕೋಪ್ ತೆಗೆದು ಪೀಪ್ ಹಾಕುವವರು ಪ್ರತಿ ಸಲವೂ ಮೌಂಟನ್ನು ತಡೆಗೆ ಹಿಂದಕ್ಕೆ ತಳ್ಳಿ, ಹಾಗೇ ಹಿಡಿದುಕೊಂಡು ಬಿಗಿಯಬೇಕು. ಒಮ್ಮೆ ಮುಂದೆ ಆನಿಸಿ, ಒಮ್ಮೆ ಹಿಂದೆ ಆನಿಸಿ ಬಿಗಿದರೆ ಎರಡು ಝೀರೋ ಹುಟ್ಟುತ್ತವೆ. ಎಷ್ಟೇ ಎಚ್ಚರ ವಹಿಸಿದರೂ ಬದಲಿಸಿದ ಮೇಲೆ ಐದು ಗುಂಡು ಹೊಡೆದು ನೋಡದೆ ಅಂಕ ಎಣಿಸಬಾರದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದ 10 ಮೀಟರ್ ಗುರಿಯಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ., ಒಂಬತ್ತರ ವೃತ್ತ 5.5 ಮಿ.ಮೀ. ಅಷ್ಟು ಸಣ್ಣ ಜಾಗದಲ್ಲಿ ಅಂದಾಜು ನಡೆಯುವುದಿಲ್ಲ. ಆ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವೂ ಇಲ್ಲ. ಹಾಗಾಗಿ ಸ್ಪರ್ಧೆಯ ಕನಸಿರುವವರು ಪೀಪ್ ಬಿಟ್ಟು ಸ್ಕೋಪಿಗೆ ಒಗ್ಗಿಕೊಳ್ಳಬಾರದು. ಪುಣೆಯ ಬಾಲೇವಾಡಿಯಲ್ಲಿ ತರಬೇತಿ ಪಡೆದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ (ಮೂರು ಭಂಗಿ) ಸ್ಪರ್ಧೆಯಲ್ಲಿ ಕಂಚು ಗೆದ್ದದ್ದು ಕೂಡ ಪೀಪಿನ ಮೂಲಕ ನೋಡಿಯೇ.

ಸ್ಕೋಪ್ ನಿಜವಾಗಿ ಕೆಟ್ಟಿದೆಯೇ?

ಕಾಲು ಎಂಒಎ ಸ್ಕೋಪಿನಲ್ಲಿ (ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಒಂದು ಕ್ಲಿಕ್, ಎಂದರೆ ನಾಬಿನ ಒಂದು ಹೆಜ್ಜೆ, ಅಂದರೆ 10 ಮೀಟರ್‌ನಲ್ಲಿ 0.7 ಮಿ.ಮೀ., 25ರಲ್ಲಿ 1.8, 50ರಲ್ಲಿ 3.6. ಪರೀಕ್ಷೆ 25ರಲ್ಲಿ ಮಾಡಿ. ಇಲ್ಲಿ ನೋಡುವುದು ಗ್ರೂಪಿನ ಅಗಲವಲ್ಲ, ಅದು ಎಷ್ಟು ಸರಿಯಿತು ಎನ್ನುವುದು, ಹಾಗಾಗಿ ಮೂರು ಗುಂಡು ಸಾಕು. ಮೂರು ಗುಂಡು ಹೊಡೆದು, 20 ಕ್ಲಿಕ್ ಮೇಲೆ, ಮೂರು ಗುಂಡು; 20 ಬಲಕ್ಕೆ, ಮೂರು; 20 ಕೆಳಗೆ, ಮೂರು; 20 ಎಡಕ್ಕೆ, ಮತ್ತೆ ಮೂರು. ಗುರಿಯಿಡುವ ಚುಕ್ಕೆ ಎಲ್ಲಕ್ಕೂ ಒಂದೇ. ಸುಮಾರು 36 ಮಿ.ಮೀ. ಬದಿಯ ಚೌಕ ಮೂಡಬೇಕು, ಕೊನೆಯ ಮೂರು ಮೊದಲ ಮೂರರ ಮೇಲೆಯೇ ಬೀಳಬೇಕು. ಚೌಕ ಬಂದು ವಾಪಸಾಗದಿದ್ದರೆ ಒಳಗಿನ ಸ್ಪ್ರಿಂಗ್ ಸೋತಿದೆ. ಚೌಕವೇ ಬಾರದೆ ಎರಡು ಮೂರು ಗುಂಡಿನ ನಂತರ ಗುರಿ ಒಮ್ಮೆಲೇ ನೆಗೆದರೂ ಅದೇ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಸ್ಕೋಪನ್ನು ಬೈಯುವ ಮೊದಲು ನಾಬ್ ಎಲ್ಲಿದೆ ನೋಡಿ. ಬ್ಯಾರೆಲ್ ಮುರಿಯುವ ರೈಫಲ್ಲಿನಲ್ಲಿ ನಳಿಗೆ ಹಳಿಗಿಂತ ಸ್ವಲ್ಪ ಕೆಳಮುಖವಾಗಿರುವುದು ಮಾಮೂಲಿ. ಗುಂಡು ಕೆಳಗೆ ಬೀಳುತ್ತದೆ ಎಂದು ಎತ್ತರದ ನಾಬ್ ತಿರುಗಿಸುತ್ತಾ ಹೋಗಿ ತುದಿಗೆ ಬಂದರೆ ಒಳಗಿನ ಸ್ಪ್ರಿಂಗಿಗೆ ಒತ್ತಡವೇ ಉಳಿಯದೆ ಕೊಳವೆ ತೇಲಾಡುತ್ತದೆ. ಆಗ ಹೊಸ ಸ್ಕೋಪೂ ಹಳೆಯದರಂತೆ ಕುಣಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಕ್ಲಿಕ್ ಎಂದು ಎಣಿಸಿ, ನಡುವಿಗೆ ತನ್ನಿ, ಅಲ್ಲಿಂದ ಎಷ್ಟು ಎತ್ತಬೇಕು ಎಂಬುದನ್ನು ಹಿಂದಿನ ರಿಂಗಿನಲ್ಲಿ ತುಂಬಿ. ರಿಂಗುಗಳ ನಡುವೆ 100 ಮಿ.ಮೀ. ಅಂತರವಿದ್ದರೆ ಹಿಂದಿನ ರಿಂಗಿನ ತಳದಲ್ಲಿ ಇಟ್ಟ 0.1 ಮಿ.ಮೀ. ಹಾಳೆ 25 ಮೀಟರ್‌ನಲ್ಲಿ ಗುಂಡನ್ನು 25 ಮಿ.ಮೀ. ಮೇಲೆತ್ತುತ್ತದೆ. ತಂಪು ಪಾನೀಯದ ಕ್ಯಾನಿನಿಂದ ಕತ್ತರಿಸಿದ ಅಲ್ಯುಮಿನಿಯಂ ಪಟ್ಟಿ ಹೆಚ್ಚುಕಡಿಮೆ ಆ ದಪ್ಪವೇ. ಎರಡು ಪದರಕ್ಕಿಂತ ಹೆಚ್ಚು ಬೇಡ, ಕೊಳವೆ ಬಾಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಇಳಿಜಾರು ಮೌಂಟ್ ಕೊಳ್ಳಿ.

ಪ್ಯಾರಲ್ಯಾಕ್ಸ್ ಕೂಡ ದೋಷದ ವೇಷದಲ್ಲಿ ಬರುತ್ತದೆ. ಬಂದೂಕಿನ ಸ್ಕೋಪ್ ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿರುತ್ತದೆ. 10 ಮೀಟರ್‌ನಲ್ಲಿ ಚಿತ್ರ ಮಸುಕು, ಮೇಲಾಗಿ ಕಣ್ಣು ಸ್ವಲ್ಪ ಅಲುಗಿದರೆ ಕ್ರಾಸ್‌ಹೇರ್ ಗುರಿಯ ಮೇಲೆ ನಡೆದಾಡುತ್ತದೆ. ರೈಫಲ್ಲನ್ನು ಮರಳುಚೀಲದ ಮೇಲಿಟ್ಟು ಮುಟ್ಟದೆ ತಲೆ ಮಾತ್ರ ಅಲುಗಿಸಿ ನೋಡಿದರೆ ತಿಳಿಯುತ್ತದೆ. ಮೂರು ದೂರಕ್ಕೆ ಒಂದೇ ಸ್ಕೋಪ್ ಬೇಕೆಂದರೆ 10 ಗಜದವರೆಗೆ ಹೊಂದಿಸುವ ಉಂಗುರವೋ ಪಕ್ಕದ ಗಾಲಿಯೋ ಇರುವುದನ್ನೇ ತೆಗೆದುಕೊಳ್ಳಿ.

ಬ್ಯಾರೆಲ್ ಕೂರುವ ಜಾಗ, ಸೀಲ್

ಎರಡು ಗುಂಪಾಗಿ ಬೀಳುವ ಗುಂಡಿಗೆ ಇನ್ನೊಂದು ಕಾರಣ ಬ್ಯಾರೆಲ್ಲಿನ ಕೀಲು. ರೈಫಲ್ ಖಾಲಿ ಇರುವಾಗ, ಕಾಕ್ ಮಾಡದೆ, ನಳಿಗೆಯನ್ನು ಪಕ್ಕಕ್ಕೆ ಮೆಲ್ಲಗೆ ಒತ್ತಿ. ಕಟಕ್ ಎಂದರೆ ಕೀಲಿನ ಬೋಲ್ಟ್ ಸಡಿಲ. ಕಾಕ್ ಮಾಡಿ ಸೇಫ್ಟಿ ಹಾಕಿದ ಮೇಲೆ ಬ್ಯಾರೆಲ್ ನೀವು ಬಿಟ್ಟ ಕೋನದಲ್ಲೇ ನಿಲ್ಲಬೇಕು, ತನ್ನ ಭಾರಕ್ಕೆ ಬೀಳಬಾರದು. ಇದನ್ನು ನೋಡುವಾಗಲೂ ಪೆಲೆಟ್ ತುಂಬುವಾಗಲೂ ಬ್ಯಾರೆಲ್ಲನ್ನು ಒಂದು ಕೈಯಲ್ಲಿ ಹಿಡಿದಿರಿ. ಟ್ರಿಗರ್ ಜಾರಿದರೆ ಬ್ಯಾರೆಲ್ ಮುಚ್ಚುವ ರಭಸಕ್ಕೆ ಬೆರಳು ಉಳಿಯುವುದಿಲ್ಲ.

ಬ್ಯಾರೆಲ್ಲಿನ ಹಿಂಬಾಯಿಯ ರಬ್ಬರ್ ಉಂಗುರ ಸವೆದಿದೆಯೇ ನೋಡಲು ಟಿಶ್ಯೂ ಕಾಗದದ ಸಣ್ಣ ಪಟ್ಟಿ ಸಾಕು. ಬ್ಯಾರೆಲ್ ಮುಚ್ಚಿದ ಸಂದಿನ ಮೇಲೆ ಅದನ್ನು ಇಟ್ಟು, ಪೆಲೆಟ್ ಹಾಕಿ, ಗುರಿಯ ಕಡೆ ಹೊಡೆಯಿರಿ. ಪಟ್ಟಿ ಹಾರಿಹೋದರೆ ಗಾಳಿ ಸೋರುತ್ತಿದೆ. ಹೊಸ ಉಂಗುರ ಅಗ್ಗ. ಸಿಗುವವರೆಗೆ ಹಳೆಯದರ ಅಡಿಗೆ ತೆಳು ವಾಶರ್ ಕೊಟ್ಟು ಸ್ವಲ್ಪ ಎತ್ತಬಹುದು. ಪೆಲೆಟ್ ಇಲ್ಲದೆ ಎಂದೂ ಹೊಡೆಯಬೇಡಿ. ಪಿಸ್ಟನ್ನಿಗೆ ಗಾಳಿಯ ಮೆತ್ತೆ ಸಿಗದೆ ಲೋಹಕ್ಕೆ ಲೋಹ ಬಡಿಯುತ್ತದೆ.

ಹೊಡೆದಾಗ ಸುಟ್ಟ ವಾಸನೆ, ಹೊಗೆ, ಪಟಾಕಿಯಂಥ ಸದ್ದು ಬಂದರೆ ಪಿಸ್ಟನ್ ಮುಂದೆ ಎಣ್ಣೆ ಸೇರಿ ಉರಿಯುತ್ತಿದೆ. ಹೊಸ ರೈಫಲ್ಲಿನಲ್ಲಿ ಕಾರ್ಖಾನೆಯ ಎಣ್ಣೆ ಆರುವವರೆಗೆ ಸ್ವಲ್ಪ ಹೊಗೆ ಸಹಜ. ಹಳೆಯದರಲ್ಲಿ ಬಂದರೆ ಯಾರೋ ಗಾಳಿತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದಾರೆ. ವೇಗ ಒಂದೊಂದು ಗುಂಡಿಗೆ ಒಂದೊಂದು ಥರ ಆಗಿ ಗ್ರೂಪ್ ಉದ್ದಕ್ಕೆ ಎಳೆಯುತ್ತದೆ, ಸೀಲ್ ಸುಡುತ್ತದೆ. ಆರುವವರೆಗೆ ಭಾರದ ಪೆಲೆಟ್ ಹೊಡೆಯುತ್ತಿರಿ, ಮತ್ತೆ ಎಣ್ಣೆ ತೋರಿಸಬೇಡಿ.

ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಸಿಕ್ಕರೆ ಹತ್ತು ಗುಂಡಿನ ವೇಗ ಬರೆದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಸೆಕೆಂಡಿಗೆ 5-6 ಮೀಟರ್ ಒಳಗಿದ್ದರೆ ಆರೋಗ್ಯವಂತ. ಸರಾಸರಿಯೇ ಇಳಿದು ಕಾಕ್ ಮಾಡುವಾಗ ಕರಕರ ಎಂದರೆ ಸ್ಪ್ರಿಂಗ್ ಮುರಿದಿರಬಹುದು. ಸದ್ದಿಲ್ಲದೆ ಇಳಿದಿದ್ದರೆ ಪಿಸ್ಟನ್ ಸೀಲ್.

ನಳಿಗೆ, ತುಕ್ಕು, ಹಿಡಿತ

ನಳಿಗೆಯ ಬಾಯಿಗೆ ಕಿವಿಯ ಹತ್ತಿಕಡ್ಡಿ ಸುತ್ತಿಸಿ. ಒಂದೇ ಕಡೆ ಎಳೆ ಸಿಕ್ಕಿಕೊಂಡರೆ ಅಲ್ಲಿ ಚೂರು ಏಟು ಬಿದ್ದಿದೆ. ಬ್ಯಾರೆಲ್ ಶುಚಿಗೆ ಹಿಂಬಾಯಿಯಿಂದ ಮುಂದಕ್ಕೆ ದಾರ ಎಳೆದು ಹತ್ತಿಬಟ್ಟೆ, ಕೊಳೆ ಬಾರದವರೆಗೆ. ಹಿತ್ತಾಳೆ ಬ್ರಷ್ ಬೇಡ.

ಕೊಂಕಣದ ಕರಾವಳಿಯಲ್ಲಿ ತುಕ್ಕಿಗೆ ಎರಡು ರಾತ್ರಿ ಸಾಕು. ಫೋಮ್ ತುಂಬಿದ ಪೆಟ್ಟಿಗೆ ತೇವ ಹಿಡಿದಿಡುತ್ತದೆ, ಅದನ್ನು ಸಾಗಿಸಲು ಮಾತ್ರ ಬಳಸಿ. ಮನೆಯಲ್ಲಿ ಬಟ್ಟೆಯ ಚೀಲ, ಸಿಲಿಕಾ ಜೆಲ್, ಬ್ಯಾರೆಲ್ಲಿನೊಳಗೆ ಎಣ್ಣೆಯ ತೆಳು ಪಸೆ. ಹೊಡೆಯುವ ಮೊದಲು ಆ ಪಸೆಯನ್ನು ಒಣಬಟ್ಟೆಯಿಂದ ತೆಗೆಯದಿದ್ದರೆ ಮೊದಲ ಗುಂಡುಗಳು ಅಡ್ಡಾದಿಡ್ಡಿ. ಏಸಿ ಕೋಣೆಯಿಂದ ನೇರ ಮುಂಬೈಯ ಸೆಕೆಗೆ ತಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದರೂ ಹೋಗದ ಮಂಜು ಸ್ಕೋಪಿನ ಒಳಗಿದೆ ಎಂದರ್ಥ, ಅದರ ಸೀಲ್ ಬಿಟ್ಟಿದೆ.

ಇಷ್ಟೆಲ್ಲ ಸರಿಯಿದ್ದೂ ಮೇಜಿನ ಮೇಲೆ ಒಂದು ಕಡೆ, ನಿಂತು ಹೊಡೆದರೆ ಇನ್ನೊಂದು ಕಡೆ ಬೀಳುತ್ತಿದ್ದರೆ ರೈಫಲ್ಲಿಗೆ ದೋಷವಿಲ್ಲ. ಪೆಲೆಟ್ ಬ್ಯಾರೆಲ್ ಬಿಡುವ ಮೊದಲೇ ರೈಫಲ್ ಅಲುಗಿರುತ್ತದೆ, ಕೈ ಎಲ್ಲಿ ಆಧಾರ ಕೊಟ್ಟಿದೆಯೋ ಅದರ ಮೇಲೆ ಆ ಅಲುಗಾಟ ನಿಂತಿದೆ. ಮುಂಗೈಯನ್ನು ಯಾವಾಗಲೂ ಒಂದೇ ಜಾಗದಲ್ಲಿ, ಅಂಗೈ ಬಿಚ್ಚಿ, ಹಿಡಿಯದೆ ಆನಿಸಿ. ಮರಳುಚೀಲದ ಮೇಲೆ ನೇರ ಇಡಬೇಡಿ, ಚೀಲದ ಮೇಲೆ ಕೈ, ಕೈ ಮೇಲೆ ರೈಫಲ್. ಸ್ಟಾಕಿನಡಿ ಆ ಜಾಗಕ್ಕೆ ಟೇಪಿನ ಒಂದು ತುಂಡು ಅಂಟಿಸಿಕೊಂಡರೆ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಸ್ಪ್ರಿಂಗ್ ಮತ್ತು ಪಿಸ್ಟನ್ ಸೀಲ್ ಬದಲಿಸುವುದು ಮನೆಯ ಕೆಲಸವಲ್ಲ. ಬಿಚ್ಚುವಾಗಲೂ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವ ಕಂಪ್ರೆಸರ್ ಇಲ್ಲದವರು ಹಿಂಬದಿಯ ಪಿನ್ ತೆಗೆದರೆ ಲೋಹದ ತುಂಡು ಮುಖಕ್ಕೇ ಬರುತ್ತದೆ. ಮೆಕ್ಯಾನಿಕ್‌ಗೆ ಕೊಡುವಾಗ ಮೂರು ದೂರದ ಕಾಗದಗಳನ್ನೂ ವೇಗದ ಪಟ್ಟಿಯನ್ನೂ ಜೊತೆಗೆ ಕೊಡಿ. ವಾಪಸು ಬಂದಮೇಲೆ ಅದೇ ಪೆಲೆಟ್‌ನಲ್ಲಿ ಅದೇ ಮೂರು ದೂರ ಹೊಡೆದು ಹೋಲಿಸಿ, ಶಕ್ತಿ 20 ಜೂಲಿನ ಒಳಗೇ ಇದೆಯೇ ಎಂದು ಲೆಕ್ಕ ಹಾಕಿಕೊಂಡು ಹಣ ಕೊಡಿ.